ಕೆನ್ನೆಯೊಳಗಿನ ಕೋಣೆ

"ಇಲ್ಲೇನೋ ಕೆಟ್ಟ ವಾಸನೆ ಬರ್ತಿದೆ ಅಲ್ವಾ?" ಎಂದು ಹೆಂಡತಿ ಮೊದಲ ಸಲ ಕೇಳಿದಾಗ ದಂತವೈದ್ಯ ಕ್ಲಿನಿಕ್ ಮುಚ್ಚಿ ಮನೆಗೆ ಬಂದು, ಬೂಟು ಕಳಚಿ, ಸೋಫಾದಲ್ಲಿ ಅವಳ ಪಕ್ಕ ಆಗಷ್ಟೇ ಕುಳಿತಿದ್ದ. ಅವಳು ಮುಖ ಸಿಂಡರಿಸಿಕೊಂಡು ಎದ್ದು ಹೋಗಿ ಕಿಟಕಿ ತೆರೆದಳು. ಕಸದ ಡಬ್ಬ ನೋಡಿದಳು, ಫ್ರಿಜ್ಜಿನೊಳಗೆ ತಲೆ ಹಾಕಿದಳು, ಬಚ್ಚಲಿಗೆ ಬಿಸಿನೀರು ಸುರಿದಳು. ಹೋಂವರ್ಕ್ ಮಾಡುತ್ತಿದ್ದ ಮಗಳು ಗಾಳಿಯನ್ನೊಮ್ಮೆ ಮೂಸಿ, "ನಂಗೇನೂ ಬರ್ತಿಲ್ಲಮ್ಮ" ಎಂದಳು. ದಂತವೈದ್ಯನಿಗೂ ಏನೂ ಬರಲಿಲ್ಲ. ಆದರೆ ಮರಳಿ ಬಂದ ಹೆಂಡತಿ ಅವನ ಪಕ್ಕದಲ್ಲಿ ಕೂರದೆ ಎದುರಿನ ಕುರ್ಚಿಯಲ್ಲಿ ಕುಳಿತದ್ದನ್ನು ಅವನು ಗಮನಿಸಿದ. ಗಮನಿಸಿದ್ದನ್ನು ಮರೆಯಲಿಲ್ಲ.

ಹಲ್ಲಿನ ಡಾಕ್ಟರಾದವನಿಗೆ ವಾಸನೆಯ ವಿಷಯದಲ್ಲಿ ಮೊದಲೇ ಒಂದು ಅಳುಕಿರುತ್ತದೆ. ದಿನವಿಡೀ ಕಂಡವರ ಬಾಯಿಯ ಹತ್ತಿರ ಮುಖವಿಟ್ಟುಕೊಂಡು ಕೂರುವ ಕೆಲಸ. ಲವಂಗದೆಣ್ಣೆ, ಸ್ಪಿರಿಟ್ಟು, ರಬ್ಬರ್ ಗ್ಲೌಸು, ಹಲ್ಲು ಕೊರೆಯುವಾಗ ಏಳುವ ಸುಟ್ಟ ಘಾಟು, ಎಲ್ಲವೂ ಸೇರಿ ಬಟ್ಟೆಗೆ ಅಂಟುತ್ತವೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಅದನ್ನು ಅಕ್ಕರೆಯಿಂದಲೇ ಹೇಳುತ್ತಿದ್ದಳು: "ನೀವು ಬಾಗಿಲು ತೆಗೆಯೋಕೆ ಮುಂಚೆ ನಿಮ್ಮ ಲವಂಗ ಒಳಗೆ ಬಂದಿರತ್ತೆ." ಈಗ ಅದೇ ಕೆಟ್ಟ ವಾಸನೆಯಾಯಿತೇ? ಬೇರೆ ಹೊತ್ತಿನಲ್ಲಾಗಿದ್ದರೆ ಅವನು ನಕ್ಕು ಸುಮ್ಮನಾಗುತ್ತಿದ್ದ. ಆದರೆ ಅವನ ಕ್ಲಿನಿಕ್ಕಿನ ಮೇಲಿನ ಮಹಡಿಗೆ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬ ಬಂದು ಸೇರಿ ಸ್ವಲ್ಪವೇ ಕಾಲವಾಗಿತ್ತು. ಅಂದಿನಿಂದ ದಂತವೈದ್ಯನಿಗೆ ಯಾವುದಕ್ಕೂ ನಗು ಬರುತ್ತಿರಲಿಲ್ಲ.

ಕಟ್ಟಡದ ಕೆಳಗೆ ಔಷಧಿ ಅಂಗಡಿ, ನಡುವೆ ಇವನ ಹಲ್ಲಿನ ಆಸ್ಪತ್ರೆ, ಮೇಲೆ ಮೊದಲು ಒಬ್ಬ ದರ್ಜಿ ಇದ್ದ. ದರ್ಜಿ ಖಾಲಿ ಮಾಡಿದ ಮೇಲೆ ಬಂದವನು ಈ ಮೂಗಿನ ಡಾಕ್ಟರು. ಹೊಸ ಜಾಗ ತೆರೆದ ದಿನ ಕೆಳಗಿನವರನ್ನೆಲ್ಲ ಚಹಾಕ್ಕೆ ಕರೆದಿದ್ದ. ದಂತವೈದ್ಯ ಹೆಂಡತಿಯನ್ನೂ ಕರೆದುಕೊಂಡು ಹೋದ. ಬಾಗಿಲಲ್ಲಿ ನಿಂತಿದ್ದ ಆರಡಿಯ ತೆಳ್ಳನೆಯ ಮನುಷ್ಯನನ್ನು ನೋಡಿದ್ದೇ ತಡ, ಅವಳು ಇಡೀ ಮಹಡಿಗೆ ಕೇಳುವಂತೆ ಕೂಗಿಬಿಟ್ಟಳು: "ಲೋ ಕೋಲು! ನೀನೇನೋ ಇಲ್ಲಿ?"

ಇಬ್ಬರೂ ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನ ಎರಡು ತುದಿಯಲ್ಲಿ ಕುಳಿತು ಓದಿದವರಂತೆ. ಕೋಲಿನಂತಿದ್ದ ಕಾರಣ ಕೋಲು. ದಂತವೈದ್ಯ ಕೈಕುಲುಕಿದ, ಚಹಾ ಕುಡಿದ, ಹೊಸ ಯಂತ್ರಗಳನ್ನು ಹೊಗಳಿದ. ಆದರೆ ಒಳಗೆ ಆ ಒಂದು 'ಲೋ' ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡುಬಿಟ್ಟಿತು. ಇಷ್ಟು ವರ್ಷ ಸಂಸಾರ ಮಾಡಿದ ಗಂಡನಿಗೆ 'ರೀ', 'ಬನ್ನಿ', 'ಹೋಗಿ'. ಎಲ್ಲಿಂದಲೋ ಬಂದ ಕೋಲಿಗೆ 'ಲೋ', 'ಬಾರೋ', 'ಹೋಗೋ'. ಮರ್ಯಾದೆ ಕೊಟ್ಟು ದೂರ ಕೂರಿಸಿದ್ದಾಳೆ ನನ್ನನ್ನು ಎಂದು ಅವನಿಗೆ ಅನಿಸಿತು. ಅನಿಸಿದ ಮೇಲೆ ಅದನ್ನು ಅಳಿಸುವುದು ಅವನ ಕೈಯಲ್ಲಿರಲಿಲ್ಲ.

ಹೊಟ್ಟೆಕಿಚ್ಚು ಅವನಿಗೆ ಹೊಸತೂ ಅಲ್ಲ. ಹೆಂಡತಿ ರೇಡಿಯೋದಲ್ಲಿ ವಾರ್ತೆ ಓದುವವಳು. ತುಂಬು ದನಿ. ಅಂಗಡಿಯಲ್ಲಿ ಅವಳು "ಅರ್ಧ ಕಿಲೋ ಕೊಡಿ" ಎಂದರೆ ಸಾಕು, ಪಕ್ಕದವರು ತಿರುಗಿ ನೋಡಿ, "ನೀವೇ ಅಲ್ವಾ ಬೆಳಿಗ್ಗೆ ವಾರ್ತೆ ಓದೋದು?" ಎನ್ನುತ್ತಿದ್ದರು. ಗಂಡಸರು ಕೇಳಿದರೆ ದಂತವೈದ್ಯ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತ, "ಹೊತ್ತಾಯ್ತು ಬಾ" ಎಂದು ಅವಸರ ಮಾಡುತ್ತಿದ್ದ. ಮಗಳಿಗೆ ಇದು ದೊಡ್ಡ ತಮಾಷೆ. "ಅಪ್ಪಂಗೆ ಹೊಟ್ಟೆ ಉರಿ ಶುರುವಾಯ್ತು, ಮಜ್ಜಿಗೆ ಕೊಡಮ್ಮ" ಎನ್ನುವಳು.

ಆ ದನಿಗೇ ಈಗ ಏನೋ ಆಗಿತ್ತು. ಮೂಗಿನಿಂದ ಮಾತಾಡಿದಂತೆ, ಡಬ್ಬದೊಳಗಿಂದ ಬಂದಂತೆ. ಬಲಗೆನ್ನೆಯೊಳಗೆ ಭಾರ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಹೋದರೆ ಮುಖದ ಅರ್ಧಭಾಗ ಕಳಚಿ ಬೀಳುತ್ತದೇನೋ ಅನ್ನಿಸುವುದು. ಮೇಲಿನ ಹಲ್ಲುಗಳಲ್ಲಿ ಒಂದು ಮಂಕು ನೋವು. ಜೊತೆಗೆ ಆ ವಾಸನೆ, ಮನೆಯಲ್ಲಿ ಇನ್ನಾರಿಗೂ ಬಾರದ ವಾಸನೆ. ಒಂದು ಬೆಳಿಗ್ಗೆ ಅವಳು ಕ್ಲಿನಿಕ್ಕಿಗೇ ಬಂದು ಕುರ್ಚಿಯಲ್ಲಿ ಒರಗಿ ಬಾಯಿ ತೆರೆದಳು. "ರೀ, ಈ ಹಲ್ಲು ಸ್ವಲ್ಪ ನೋಡಿ. ಹಿಂದೆ ನೀವೇ ರೂಟ್ ಕೆನಾಲ್ ಮಾಡಿದ್ರಲ್ಲ, ಅದರ ಸುತ್ತಾನೇ ಇದೆ ನೋವು."

ಅವನು ಕನ್ನಡಿಯ ಹಿಡಿಯಿಂದ ಹಲ್ಲುಗಳನ್ನು ಒಂದೊಂದಾಗಿ ತಟ್ಟಿದ. ತಾನು ರೂಟ್ ಕೆನಾಲ್ ಮಾಡಿದ ಹಲ್ಲನ್ನು ಉಳಿದವುಗಳಿಗಿಂತ ಮೆತ್ತಗೆ ತಟ್ಟಿದನೋ ಏನೋ. "ಹಲ್ಲು ಕಲ್ಲಿನ ಹಾಗಿದೆ" ಎಂದ. ಎಕ್ಸ್-ರೇ ಯಂತ್ರ ಕೈಗೆ ಎಟಕುವಷ್ಟು ಹತ್ತಿರವಿತ್ತು. ಅವನು ಅದನ್ನು ಎಳೆಯಲಿಲ್ಲ. ಬದಲಿಗೆ ಒಂದು ಕಾಗದ ತೆಗೆದುಕೊಂಡು ಮುಖದ ಚಿತ್ರ ಬರೆದು ಪಾಠವನ್ನೇ ಮಾಡಿದ.

"ಇಲ್ಲಿ ನೋಡು. ಕಣ್ಣಿನ ಕೆಳಗೆ, ಮೂಗಿನ ಪಕ್ಕ, ಕೆನ್ನೆ ಮೂಳೆಯೊಳಗೆ ಒಂದು ಟೊಳ್ಳು ಕೋಣೆ ಇರತ್ತೆ. ಆ ಕಡೆ ಒಂದು, ಈ ಕಡೆ ಒಂದು. ಸೈನಸ್ ಅಂತಾರಲ್ಲ, ಅದೇ. ಕೋಣೆ ತುಂಬ ಗಾಳಿ. ಇದರ ಸೂರು ಕಣ್ಣಿನ ಗೂಡಿಗೆ ನೆಲ. ಇದರ ನೆಲ ನಮ್ಮ ಮೇಲ್ದವಡೆ. ಹಿಂದಿನ ದವಡೆ ಹಲ್ಲುಗಳ ಬೇರುಗಳು ಈ ನೆಲದ ಕೆಳಗೇ ನಿಂತಿರ್ತವೆ. ನಡುವೆ ಮೊಟ್ಟೆ ಸಿಪ್ಪೆಯಷ್ಟು ಮೂಳೆ. ಕೆಲವರಿಗೆ ಅದೂ ಇಲ್ಲ, ಬರೀ ಪೊರೆ."

"ಬಾಗಿಲೆಲ್ಲಿ ಕೋಣೆಗೆ?"

"ಅದೇ ತಮಾಷೆ. ಬಾಗಿಲು ನೆಲದ ಹತ್ರ ಇಲ್ಲ, ಸೂರಿನ ಹತ್ರ ಇದೆ, ಮೂಗಿನೊಳಗೆ ತೆರೆಯತ್ತೆ. ಅದಕ್ಕೇ ಶೀತ ಆಗಿ ಒಳಗೆ ನೀರು ಕಟ್ಟಿಕೊಂಡ್ರೆ ಇಳಿದು ಹೋಗಲ್ಲ. ಕೆಳಗಿನ ಹಲ್ಲು ಒತ್ತಿದ ಹಾಗಾಗತ್ತೆ. ಹಲ್ಲಿಗೂ ಕೋಣೆಗೂ ಒಂದೇ ನರದ ಕವಲು. ಹಾಗಾಗಿ ನೋವು ಎಲ್ಲಿಂದ ಅಂತ ತಲೆಗೆ ಗೊತ್ತಾಗಲ್ಲ. ಇದು ಹಲ್ಲಿಂದಲ್ಲ, ಮೂಗಿಂದು."

"ಹಾಗಾದ್ರೆ ಕೋಲು ಹತ್ರ ತೋರಿಸ್ತೀನಿ" ಎಂದು ಅವಳು ಕುರ್ಚಿಯಿಂದ ಇಳಿದು ಅಲ್ಲಿಂದಲೇ ಮೆಟ್ಟಿಲು ಹತ್ತಿಬಿಟ್ಟಳು.

ತಾನೇ ತೋಡಿದ ಗುಂಡಿಗೆ ತಾನೇ ಬಿದ್ದಂತಾಯಿತು ಅವನಿಗೆ. ಮೇಲಿನಿಂದ ಕುರ್ಚಿ ಎಳೆದ ಸದ್ದು ಕೇಳಿಸಿತು. ಆಮೇಲೆ ಮಾತು. ಆಮೇಲೆ ಅವಳ ನಗು. ಆ ಹೊತ್ತಿಗೆ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಬಾಯಿ ತೆರೆದು ಕುಳಿತಿದ್ದ. ದಂತವೈದ್ಯ ಯಂತ್ರ ನಿಲ್ಲಿಸಿ, ಸೂರು ನೋಡುತ್ತ ಎಷ್ಟು ಹೊತ್ತು ನಿಂತನೆಂದರೆ, ಡ್ರೈವರ್ ತಾನೇ ಬಾಯಿ ಮುಚ್ಚಿ, "ಸಾರ್, ಮುಗೀತಾ?" ಎಂದು ಕೇಳಿದ.

ಸಂಜೆ ಹೆಂಡತಿ ಹಗುರಾಗಿ ಮನೆಗೆ ಬಂದಳು. ಮೂಗಿಗೆ ಔಷಧ ಸಿಂಪಡಿಸಿ, ಉಪ್ಪುನೀರಿನಲ್ಲಿ ತೊಳೆದು, ಮಾತ್ರೆ ಬರೆದುಕೊಟ್ಟಿದ್ದನಂತೆ. "ಎಷ್ಟು ಆರಾಮಾಯ್ತು ಗೊತ್ತಾ? ಅಲ್ಲಿ ಕೂತಿದ್ದಷ್ಟು ಹೊತ್ತೂ ಆ ವಾಸನೇನೇ ಬರ್ಲಿಲ್ಲ" ಎಂದಳು. ಊಟಕ್ಕೆ ಕುಳಿತು ತಟ್ಟೆಗೆ ಬಡಿಸಲು ಅವನ ಕಡೆ ಬಗ್ಗಿದವಳೇ ಮತ್ತೆ ಮುಖ ಕಿವುಚಿದಳು. "ಬಂತು ನೋಡಿ ಮತ್ತೆ."

ಅಲ್ಲಿಗೆ ಅವನಿಗೆ ಎಲ್ಲ ಸ್ಪಷ್ಟವಾಯಿತು. ಅವಳು ಹೇಳುತ್ತಿರುವುದು ಮೋರಿಯ ವಾಸನೆಯಲ್ಲ, ಫ್ರಿಜ್ಜಿನ ವಾಸನೆಯಲ್ಲ, ನನ್ನ ವಾಸನೆ. ಅವನ ಬಳಿ ಇದ್ದರೆ ಇಲ್ಲ, ನನ್ನ ಬಳಿ ಬಂದರೆ ಇದೆ. ಮನಸ್ಸು ಕೆಟ್ಟರೆ ಮೂಗಿಗೂ ಗೊತ್ತಾಗುತ್ತದೆ ಎಂದೆಲ್ಲ ಯೋಚಿಸುತ್ತ ಅವನು ಮಾರನೆಯ ದಿನವೇ ಹೊಸ ಸೋಪು, ಹೊಸ ಅಂಗಿಗಳನ್ನು ತಂದ. ದಿನಕ್ಕೆರಡು ಸಲ ಸ್ನಾನ ಮಾಡತೊಡಗಿದ. ಕ್ಲಿನಿಕ್ಕಿನ ಬಟ್ಟೆಯನ್ನು ಕ್ಲಿನಿಕ್ಕಿನಲ್ಲೇ ಬಿಟ್ಟು, ಅಂಗಿ ಬದಲಾಯಿಸಿ, ಕುತ್ತಿಗೆಗೆ ಸೆಂಟು ಹಚ್ಚಿಕೊಂಡು, ಏಲಕ್ಕಿ ಅಗಿಯುತ್ತ ಮನೆಗೆ ಬರುವುದು ರೂಢಿಯಾಯಿತು. "ಏನಪ್ಪಾ, ಮದುಮಗನ ಹಾಗೆ ಘಮಘಮ ಅಂತಿದೀರಾ!" ಎಂದು ಮಗಳು ಕಣ್ಣು ಅಗಲಿಸಿದಳು. ಹೆಂಡತಿ ಮಾತ್ರ ಅವನ ಹೊಸ ಅಂಗಿಯ ಕಾಲರನ್ನು ಒಮ್ಮೆ ನೋಡಿದಳು. ಅವನು ಅದನ್ನೂ ಗಮನಿಸಿದ, ಆದರೆ ತಪ್ಪಾಗಿ ಅರ್ಥ ಮಾಡಿಕೊಂಡ.

ಅವಳು ಮೇಲೆ ಹೋಗುವುದು ನಿಲ್ಲಲಿಲ್ಲ. ಮಾತ್ರೆ ಮುಗಿಯುವವರೆಗೆ ಸರಿ, ಮುಗಿದ ಕೂಡಲೇ ಮತ್ತೆ ಕೆನ್ನೆ ಭಾರ. ಅವಳ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದಾಗಲೆಲ್ಲ ದಂತವೈದ್ಯನ ಕಿವಿ ನಿಮಿರುತ್ತಿತ್ತು. ಕೆಳಗೆ ಬರುವಾಗ ತನ್ನ ಬಾಗಿಲಲ್ಲಿ ನಿಲ್ಲುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದ. ನಿಂತರೆ, ನೆಪಕ್ಕೆ ನಿಂತಳು ಎನಿಸುವುದು. ನಿಲ್ಲದೆ ಹೋದರೆ ಮೈಯೆಲ್ಲ ಉರಿ. ಒಂದು ದಿನ ಹತ್ತಿ ಮುಗಿದಿದೆ ಎಂಬ ಸುಳ್ಳು ನೆಪ ಹೇಳಿಕೊಂಡು ಅವನೇ ಮೇಲೆ ಹೋದ. ಬಾಗಿಲು ಅರ್ಧ ತೆರೆದಿತ್ತು. ಹೆಂಡತಿ ತಲೆ ಹಿಂದಕ್ಕೆ ಚಾಚಿ ಕುಳಿತಿದ್ದಳು. ಮೂಗಿನ ಡಾಕ್ಟರು ಹಣೆಗೆ ದೀಪ ಕಟ್ಟಿಕೊಂಡು ಅವಳ ಗಲ್ಲವನ್ನು ಎರಡು ಬೆರಳಿನಿಂದ ಹಿಡಿದಿದ್ದ. ಡಾಕ್ಟರಾದವರು ಹಾಗೆಯೇ ಹಿಡಿಯುವುದು. ಇವನೂ ದಿನಕ್ಕೆಷ್ಟೋ ಗಲ್ಲಗಳನ್ನು ಹಾಗೆಯೇ ಹಿಡಿಯುತ್ತಾನೆ. ಅದೆಲ್ಲ ಗೊತ್ತಿದ್ದೂ ಅವನು ಹತ್ತಿ ಕೇಳದೆ, ಕಳ್ಳಹೆಜ್ಜೆ ಇಟ್ಟು ಕೆಳಗಿಳಿದು ಬಂದ.

ಅದೇ ವಾರ ಊಟದ ಹೊತ್ತಿಗೆ ಹೆಂಡತಿ ಮಾತು ತೆಗೆದಳು. "ಕೋಲು ಹೇಳ್ತಿದ್ದ, ಎರಡೂ ಕಡೆ ಇದ್ರೆ ಶೀತ ಅನ್ನಬಹುದು, ಒಂದೇ ಕಡೆ ಇದ್ದು ವಾಸನೆನೂ ಇದ್ರೆ ಹಲ್ಲಿಂದಿರಬಹುದು ಅಂತ. ಸ್ಕ್ಯಾನ್ ಮಾಡಿಸು, ನಿನ್ನ ಗಂಡಂಗೂ ತೋರಿಸು ಅಂದ."

"ಹಲ್ಲಿನ ವಿಷಯದಲ್ಲಿ ಅವನ್ಯಾಕೆ ಮೂಗು ತೂರಿಸ್ತಾನೆ?"

ಮಗಳು ಕಿಸಕ್ಕೆಂದು ನಕ್ಕಳು. ಹೆಂಡತಿಗೂ ನಗು ಬಂತು. ಅವನಿಗೆ ಬರಲಿಲ್ಲ.

"ನಗಬೇಡಿ! ಇಷ್ಟು ವರ್ಷದಿಂದ ಹಲ್ಲು ನೋಡ್ತಿರೋನು ನಾನು. ಅವನು ಹೇಳಿದ್ದು ವೇದವಾಕ್ಯ, ನಾನು ಹೇಳಿದ್ದು ಕಸ. ಅಲ್ಲೇ ಹೋಗಿ ಇದ್ದುಬಿಡು, ಅಲ್ಲಿ ನಿಂಗೆ ವಾಸನೇನೂ ಬರಲ್ವಲ್ಲ!"

ಹೆಂಡತಿಯ ನಗು ಅಲ್ಲೇ ನಿಂತುಹೋಯಿತು. "ಏನು ಹೇಳ್ತಿದೀರಿ ನೀವು?" ಎಂದು ಕೇಳಿದಳು. ಅವನು ಎದ್ದು ಹೋಗಿ ಕೈ ತೊಳೆದುಕೊಂಡ. ಅಂದಿನಿಂದ ಮನೆಯಲ್ಲಿ ಮಾತು ಬೇಕಾದಷ್ಟೇ ಆಯಿತು. ಉಪ್ಪು ಕೊಡಿ, ಕರೆಂಟ್ ಬಂತಾ, ಮಗಳ ಶಾಲೆಯಲ್ಲಿ ಮೀಟಿಂಗ್ ಇದೆ. ಸ್ಕ್ಯಾನಿಗೆ ಅವಳು ಒಬ್ಬಳೇ ಹೋಗಿ ಬಂದಳು.

ಮರುದಿನ ಮಧ್ಯಾಹ್ನ ಮೂಗಿನ ಡಾಕ್ಟರೇ ಕೆಳಗಿಳಿದು ಬಂದ. "ಡಾಕ್ಟ್ರೇ, ಪೇಷಂಟ್ ಇಲ್ಲದಿದ್ರೆ ಒಂದು ನಿಮಿಷ ಮೇಲೆ ಬರ್ತೀರಾ?" ಎಂದ. ಮುಖದಲ್ಲಿ ನಗುವಿರಲಿಲ್ಲ.

ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ತೆರೆಯ ಮೇಲೆ ಹೆಂಡತಿಯ ಮುಖದ ಮೂಳೆಗಳು ಕಪ್ಪು ಬಿಳುಪಿನಲ್ಲಿ ಕಾಣುತ್ತಿದ್ದವು. ಎಡಗೆನ್ನೆಯ ಕೋಣೆ ಗಾಳಿ ತುಂಬಿ ಕಪ್ಪಗೆ, ಶುದ್ಧವಾಗಿತ್ತು. ಬಲಗೆನ್ನೆಯ ಕೋಣೆಯೊಳಗೆ ಕೆಸರು ತುಂಬಿದಂತೆ ಬೂದಿಬಣ್ಣ. ಅದರ ನಟ್ಟನಡುವೆ, ಅಕ್ಕಿಯ ನುಚ್ಚಿನಷ್ಟು, ಕಣ್ಣಿಗೆ ಚುಚ್ಚುವಷ್ಟು ಬಿಳಿಯ ಒಂದು ಚುಕ್ಕೆ. ಚುಕ್ಕೆಯ ನೇರ ಕೆಳಗೆ ಮೊದಲನೆಯ ದವಡೆ ಹಲ್ಲಿನ ಬೇರು. ಬೇರಿನ ತುದಿಯಲ್ಲಿ ಮೊಟ್ಟೆಸಿಪ್ಪೆಯಷ್ಟಿರಬೇಕಾದ ಮೂಳೆಯೂ ಕರಗಿ ಬಾಯಿಬಿಟ್ಟಿತ್ತು.

ಯಾರೂ ಏನೂ ಹೇಳಬೇಕಾಗಿರಲಿಲ್ಲ. ಆ ಚುಕ್ಕೆಯನ್ನು ಅವನು ಮೊದಲೂ ನೋಡಿದ್ದ. ಮಗಳು ಚಿಕ್ಕವಳಿದ್ದಾಗಿನ ಮಾತು. ಹೆಂಡತಿಯ ಹಲ್ಲಿನ ಬೇರು ಶುದ್ಧ ಮಾಡಿ ಪೇಸ್ಟ್ ತುಂಬುವಾಗ ಕೈ ಸ್ವಲ್ಪ ಹೆಚ್ಚಾಗಿ ಒತ್ತಿತ್ತು. ಎಕ್ಸ್-ರೇಯಲ್ಲಿ ಬೇರಿನ ತುದಿಯಾಚೆ ಒಂದು ಬಿಳಿ ಹನಿ ಜಾರಿ ಹೋಗಿದ್ದು ಕಂಡಿತ್ತು. ಕರಗಿ ಹೋಗುತ್ತದೆ ಬಿಡು, ಎಷ್ಟೋ ಜನರಿಗೆ ಹೀಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು, ಅವಳಿಗೆ "ಚೆನ್ನಾಗಿ ಬಂದಿದೆ" ಎಂದಿದ್ದ.

"ಪೇಸ್ಟಿನ ಸುತ್ತ ಬೂಷ್ಟು ಬೆಳೆದುಕೊಂಡಿದೆ" ಎಂದ ಮೂಗಿನ ಡಾಕ್ಟರು. "ಇದೇ ವಾಸನೆ. ಅವಳ ಮೂಗಿನೊಳಗೇ ಇರೋದ್ರಿಂದ ಅವಳಿಗೆ ಮಾತ್ರ ಬರ್ತಿತ್ತು. ನಾನು ಬಾಗಿಲು ಬಿಡಿಸಿ ತೊಳೆದಾಗ ಸ್ವಲ್ಪ ಹೊತ್ತು ಹೋಗೋದು, ಬಗ್ಗಿದ್ರೆ ಮತ್ತೆ ಬರೋದು."

ದಂತವೈದ್ಯ ಕುರ್ಚಿ ಹಿಡಿದುಕೊಂಡು ನಿಂತ. ಸೋಪು, ಸೆಂಟು, ಏಲಕ್ಕಿ, ಎಲ್ಲವೂ ಒಟ್ಟಿಗೆ ನೆನಪಾಗಿ ಮುಖ ಕೆಂಪಾಯಿತು.

"ನಾನು ಅವಳಿಗೆ ಬೂಷ್ಟು ಅಂತಷ್ಟೇ ಹೇಳಿದೀನಿ. ಎಲ್ಲಿಂದ ಬಂತು ಅಂತ ಹೇಳಿಲ್ಲ. ಅದು ನೀವು ಹೇಳಬೇಕಾದ್ದು. ನೀವು ಹೇಳದಿದ್ರೂ ನಾನಂತೂ ಬಾಯಿ ಬಿಡಲ್ಲ."

ಈ ಒಳ್ಳೆಯತನವೇ ದಂತವೈದ್ಯನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನಕ್ಕಿದ್ದರೆ ದ್ವೇಷಿಸಬಹುದಿತ್ತು. ಇವನು ಎರಡೂ ಮಾಡದೆ ಸುಮ್ಮನೆ ನಿಂತಿದ್ದಾನೆ, ದೊಡ್ಡ ಮನುಷ್ಯನ ಹಾಗೆ. ತಡೆಯಲಾರದೆ ಕೇಳಿಬಿಟ್ಟ: "ನಿಮಗೆ ಅವಳ ಮೇಲೆ ಮನಸ್ಸಿತ್ತಾ?"

ಮೂಗಿನ ಡಾಕ್ಟರು ಹಣೆಯ ದೀಪವನ್ನು ಬಿಚ್ಚಿ ಮೇಜಿನ ಮೇಲಿಟ್ಟ. "ಇತ್ತು. ಹತ್ತನೇ ಕ್ಲಾಸಲ್ಲಿ. ಹೇಳಿದೆ, ಅವಳು ಹೊಟ್ಟೆ ಹಿಡ್ಕೊಂಡು ನಕ್ಕಳು. ಅಲ್ಲಿಗೆ ಮುಗೀತು." ಸ್ವಲ್ಪ ತಡೆದು, "ಸುಳ್ಳು ಯಾಕೆ ಹೇಳ್ಲಿ, ಇಲ್ಲಿ ಕೂತು ಅವಳು ನಿಮ್ಮ ವಿಷಯ ಮಾತಾಡುವಾಗ ನಂಗೂ ಸ್ವಲ್ಪ ಹೊಟ್ಟೆ ಉರಿಯತ್ತೆ" ಎಂದ.

"ನನ್ನ ವಿಷಯ ಏನು ಮಾತಾಡ್ತಾಳೆ?"

"ಅದನ್ನ ಅವಳನ್ನೇ ಕೇಳಿ."

ಭಾನುವಾರ ಬೆಳಿಗ್ಗೆ ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಅವನ ಹೊಸ ಅಂಗಿಗಳೆಲ್ಲ ಸಾಲಾಗಿ ಕುರ್ಚಿಯ ಬೆನ್ನಿಗೆ ಜೋತುಬಿದ್ದಿದ್ದವು. ಅವನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. "ನಿಂಗೊಂದು ವಿಷಯ ಹೇಳಬೇಕಿತ್ತು. ಬಹಳ ಹಿಂದೇನೇ ಹೇಳಬೇಕಿತ್ತು."

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ತಲೆ ಎತ್ತಲಿಲ್ಲ. "ಯಾರವಳು?"

"ಯಾರು?"

"ಅದನ್ನೇ ನಾನೂ ಕೇಳ್ತಿರೋದು. ಎಷ್ಟು ದಿನದಿಂದ ಕಾಯ್ತಿದೀನಿ, ನೀವೇ ಹೇಳ್ಲಿ ಅಂತ. ದಿನಕ್ಕೆರಡು ಸಲ ಸ್ನಾನ. ಹೊಸ ಅಂಗಿ. ಸೆಂಟು. ನಂಗೆ ವಾಸನೆ ಬರಲ್ಲ ಅಂದುಕೊಂಡ್ರಾ? ಮಗಳಿಗೆ ಬರತ್ತಲ್ಲ! ಪಕ್ಕದಲ್ಲಿ ಕೂತ್ರೆ ದೂರ ಸರೀತೀರಿ. ಮಾತಾಡಿದ್ರೆ ಸಿಡುಕ್ತೀರಿ. ಕ್ಲಿನಿಕ್ಕಿಗೆ ಬರೋ ಯಾವಳೋ ಒಬ್ಬಳು..." ಅವಳ ದನಿ ಒಡೆಯಿತು. ಊರಿಗೆಲ್ಲ ವಾರ್ತೆ ಓದುವ ದನಿ ಒಂದು ವಾಕ್ಯ ಮುಗಿಸಲಾರದೆ ನಿಂತಿತು. "ಕೋಲು ಹತ್ರ ಕೂತು ಅತ್ತೂ ಬಂದೆ. ನಂಗೆ ಹೇಳಿಕೊಳ್ಳೋಕೆ ಇನ್ಯಾರಿದಾರೆ?"

ದಂತವೈದ್ಯ ದಂಗಾಗಿ ನಿಂತ. ತನಗಾಗಿ ಯಾರಾದರೂ ಹೊಟ್ಟೆಕಿಚ್ಚು ಪಡಬಹುದೆಂಬುದು ಅವನ ತಲೆಗೇ ಹೊಳೆದಿರಲಿಲ್ಲ. ಒಂದು ಕ್ಷಣ, ನಾಚಿಕೆಯಾಗಬೇಕಾದ ಆ ಹೊತ್ತಿನಲ್ಲೂ, ಅವನಿಗೆ ಸಂತೋಷವಾಯಿತು.

"ಯಾರೂ ಇಲ್ಲ ಮಾರಾಯ್ತಿ. ಕೆಟ್ಟ ವಾಸನೆ ಅಂದ್ಯಲ್ಲ, ಅದು ನಂದು ಅಂದುಕೊಂಡೆ. ಅದಕ್ಕೇ ತಿಕ್ಕಿ ತಿಕ್ಕಿ ತೊಳ್ಕೊಂಡೆ."

ಅವಳು ಅವನನ್ನು ನೋಡಿದಳು. ಜೋತುಬಿದ್ದ ಅಂಗಿಗಳನ್ನು ನೋಡಿದಳು. ಕೆನ್ನೆ ನೋಯುತ್ತಿದ್ದುದರಿಂದ ಬಲಗೈಯಲ್ಲಿ ಅದನ್ನು ಒತ್ತಿ ಹಿಡಿದುಕೊಂಡೇ ನಗಲಾರಂಭಿಸಿದಳು. "ಅಯ್ಯೋ ದೇವರೇ! ಇದೇನಾ ಹೇಳಬೇಕಿದ್ದ ವಿಷಯ?"

ಇಷ್ಟಕ್ಕೇ ನಿಲ್ಲಿಸಿದ್ದರೆ ಆ ಬೆಳಿಗ್ಗೆ ಚೆನ್ನಾಗಿಯೇ ಕಳೆಯುತ್ತಿತ್ತು. ಹೌದು, ಇಷ್ಟೇ ಎನ್ನಲು ನಾಲಿಗೆ ತುದಿಗೂ ಬಂದಿತ್ತು. ಆದರೆ ಆಗ ಆ ಬಿಳಿ ಚುಕ್ಕೆಯ ವಿಷಯ ತನಗೂ ಮೇಲಿನವನಿಗೂ ಮಾತ್ರ ಗೊತ್ತಿರುವ ಗುಟ್ಟಾಗುತ್ತದೆ. ತನ್ನ ಹೆಂಡತಿಯ ಬಗ್ಗೆ ಆ ಮನುಷ್ಯನ ಬಳಿ ಒಂದು ಗುಟ್ಟಿರುವುದು, ಅವನು ಉಪಕಾರ ಮಾಡಿದವನಂತೆ ಅದನ್ನು ಕಾಪಾಡುವುದು, ಇದನ್ನು ಸಹಿಸಲು ಅವನಿಂದಾಗದು. ಸತ್ಯವನ್ನು ಅವನು ಹೇಳಿದ್ದು ಸತ್ಯದ ಮೇಲಿನ ಪ್ರೀತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದಲೇ. ಆದರೂ ಪೂರ್ತಿ ಹೇಳಿದ. ಪೇಸ್ಟು, ಎಕ್ಸ್-ರೇ, ಚೆನ್ನಾಗಿ ಬಂದಿದೆ ಎಂದ ಮಾತು, ಕುರ್ಚಿಯಲ್ಲಿ ಅವಳ ಹಲ್ಲನ್ನು ಮೆತ್ತಗೆ ತಟ್ಟಿದ್ದು, ಯಾವುದನ್ನೂ ಬಿಡಲಿಲ್ಲ.

ಅವಳ ನಗು ನಿಧಾನವಾಗಿ ಇಳಿಯಿತು. "ಪೇಸ್ಟ್ ಜಾರಿದ್ದು ಇರಲಿ. ಕೈತಪ್ಪು ಯಾರಿಗಾದ್ರೂ ಆಗತ್ತೆ. ಅವತ್ತು ನಾನು ಬಂದು ಬಾಯಿ ತೆರೆದು ಕೂತಾಗ ಒಂದು ಎಕ್ಸ್-ರೇ ತೆಗೆಯೋಕೆ ಏನಾಗಿತ್ತು ನಿಮಗೆ? ರಸ್ತೆಯಲ್ಲಿ ಹೋಗೋರಿಗೂ ತೆಗೀತೀರಿ."

ಅವನು ಕುರ್ಚಿಯಿಂದ ಜಾರುತ್ತಿದ್ದ ಅಂಗಿಯೊಂದನ್ನು ಸರಿಮಾಡಿದ.

"ನಿಮ್ಮ ಕೆಲಸ ಸರಿ ಇದೆ ಅಂತ ತೋರಿಸೋಕೆ ನನ್ನ ಕೆನ್ನೆ ಕೊಳೆಯೋಕೆ ಬಿಟ್ರಿ" ಎಂದು ಹೇಳಿ, ಅವಳು ಮತ್ತೆ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು. ಅವನ ಅಂಗಿಗಳನ್ನು ಬದಿಗೆ ಸರಿಸಿ ಮಗಳ ಲಂಗ ಹರಡಿದಳು.

ಆಪರೇಷನ್ ಬುಧವಾರ ಬೆಳಿಗ್ಗೆ ಎಂದು ನಿಗದಿಯಾಯಿತು. ಮೂಗಿನ ಕಡೆಯಿಂದ ಬೂಷ್ಟು ತೆಗೆಯಬೇಕು, ಬಾಯಿಯ ಕಡೆಯಿಂದ ಹಲ್ಲು ತೆಗೆದು ತೂತು ಮುಚ್ಚಬೇಕು. ಎರಡೂ ಒಂದೇ ಸಲಕ್ಕೆ ಆಗಲಿ ಎಂದ ಮೂಗಿನ ಡಾಕ್ಟರು. "ಹಲ್ಲು ಬೇರೆ ಯಾರಾದರೂ ತೆಗೀಲಿ" ಎಂದು ದಂತವೈದ್ಯ ಹಿಂಜರಿದ. ಹೆಂಡತಿಯೇ ಒಪ್ಪಲಿಲ್ಲ. "ಪೇಸ್ಟ್ ಹಾಕಿದೋರೇ ತೆಗೀಲಿ" ಎಂದಳು. ಅದು ನಂಬಿಕೆಯೋ ಶಿಕ್ಷೆಯೋ ಅವನಿಗೆ ತಿಳಿಯಲಿಲ್ಲ.

ಅರಿವಳಿಕೆ ಮದ್ದು ಕೊಟ್ಟು ಅವಳನ್ನು ಮಲಗಿಸಿದ್ದರು. ಮೂಗಿನ ಡಾಕ್ಟರು ಪೆನ್ಸಿಲಿನಷ್ಟು ತೆಳುವಾದ ದುರ್ಬೀನನ್ನು ಮೂಗಿನೊಳಗೆ ಇಳಿಸಿದ. ಗೋಡೆಯ ತೆರೆಯ ಮೇಲೆ ಅವಳ ಮುಖದ ಒಳಭಾಗ ತೆರೆದುಕೊಂಡಿತು. ಒದ್ದೆಯಾದ ನಸುಗೆಂಪು ಗೋಡೆಗಳು, ಸೂರಿನ ಬಳಿಯ ಕಿರಿದಾದ ಬಾಗಿಲು. ಅದನ್ನು ಅಗಲ ಮಾಡಿ ಒಳಗೆ ಹೊಕ್ಕಾಗ ಕೆಸರಿನಂಥ ಕಂದು ಮುದ್ದೆ. ಇಷ್ಟು ವರ್ಷ ದಿನವೂ ನೋಡಿದ ಮುಖದ ಹಿಂದೆ ಇಂಥದೊಂದು ಕೋಣೆ ಇದೆಯೆಂದು ಪುಸ್ತಕದಲ್ಲಿ ಓದಿದ್ದ, ಕಾಗದದ ಮೇಲೆ ಬರೆದೂ ತೋರಿಸಿದ್ದ. ಆದರೆ ಅದನ್ನು ಮೊದಲು ಕಂಡವನು, ಅದರೊಳಗೆ ದೀಪ ಹಿಡಿದು ಹೊಕ್ಕವನು ಇನ್ನೊಬ್ಬ. ಆ ಹೊತ್ತಿನಲ್ಲೂ ಎದೆಯಲ್ಲಿ ಹುಳ ಕೊರೆಯಿತು. ಅವನು ಹಲ್ಲು ಕಚ್ಚಿ ನಿಂತ.

ಮುದ್ದೆ ಚೂರುಚೂರಾಗಿ ಹೊರಬಂತು. ಕೊನೆಗೆ ಚಿಮುಟದ ತುದಿಯಲ್ಲಿ ಆ ಬಿಳಿ ನುಚ್ಚು. ಮೂಗಿನ ಡಾಕ್ಟರು ಅದನ್ನು ತಟ್ಟೆಗೆ ಹಾಕಿ, ಪಕ್ಕಕ್ಕೆ ಸರಿದು, "ಬನ್ನಿ ಡಾಕ್ಟ್ರೇ" ಎಂದ.

ದಂತವೈದ್ಯ ಮುಂದೆ ಬಂದ. ಇಕ್ಕಳ ಹಿಡಿದ ಮೇಲೆ ಅವನ ಕೈಗೆ ಅವನ ಮನಸ್ಸಿನ ಗೊಡವೆ ಇರಲಿಲ್ಲ. ಬೇರು ಮುರಿದು ಮೇಲಕ್ಕೆ ಜಾರದಂತೆ ಹಲ್ಲನ್ನು ಮೂರು ಭಾಗ ಮಾಡಿ, ಒಂದೊಂದೇ ಬೇರನ್ನು ಅಲುಗಿಸಿ ಇಳಿಸಿದ. ಕೊನೆಯ ಬೇರು ಬಂದಾಗ ಆ ಕುಳಿಯೊಳಗಿಂದ ಬೆಳಕು ಕಂಡಿತು. ಮೇಲಿನಿಂದ, ಮೂಗಿನೊಳಗಿನ ದುರ್ಬೀನಿನ ಬೆಳಕು, ಕೋಣೆಯ ನೆಲದ ತೂತಿನಿಂದ ಅವಳ ಬಾಯಿಗೆ ಇಳಿದು ಅವನ ಬೆರಳ ಮೇಲೆ ಬಿದ್ದಿತ್ತು.

"ಬೆಳಕು ಸಾಕಾ?" ಎಂದ ಮೂಗಿನ ಡಾಕ್ಟರು.

"ಸ್ವಲ್ಪ ಎಡಕ್ಕೆ ಹಿಡಿ" ಎಂದ ದಂತವೈದ್ಯ. ಏಕವಚನದಲ್ಲಿ ಮಾತಾಡಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕೆನ್ನೆಯ ಒಳಗಿನಿಂದ ಒಸಡಿನ ಒಂದು ಪದರ ಬಿಡಿಸಿ, ತೂತಿನ ಮೇಲೆ ಎಳೆದು, ಬಿಗಿಯಾಗದಂತೆ, ಸಡಿಲವೂ ಆಗದಂತೆ ಹೊಲಿಗೆ ಹಾಕಿದ. ಮುಗಿದ ಮೇಲೆ ಮೂಗಿನ ಡಾಕ್ಟರು ಬಗ್ಗಿ ನೋಡಿ, "ಅಚ್ಚುಕಟ್ಟಾಗಿದೆ" ಎಂದ. ಹೊಗಳಿಕೆ ಅವನಿಂದ ಬಂತಲ್ಲ ಎಂಬ ಕಸಿವಿಸಿಯ ನಡುವೆಯೂ ದಂತವೈದ್ಯನಿಗೆ ಅದು ಬೇಕೆನಿಸಿತ್ತು.

ಹೊಲಿಗೆ ಕೂಡುವವರೆಗೆ ಅವಳು ಮೂಗು ಸೀಟುವಂತಿರಲಿಲ್ಲ, ಕೊಳವೆ ಹಾಕಿ ಏನನ್ನೂ ಹೀರುವಂತಿರಲಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ತೂತು ಮತ್ತೆ ಬಿಡುತ್ತದೆ. ಅವಳಿಗೆ ಸೀನು ಬರುವ ಸೂಚನೆ ಕಂಡರೆ ಸಾಕು, ಅಪ್ಪ ಮಗಳು ಇಬ್ಬರೂ ಒಟ್ಟಿಗೆ "ಬಾಯಿ! ಬಾಯಿ!" ಎಂದು ಕೂಗುತ್ತಿದ್ದರು. ಅವಳಿಗೆ ನಗು ಬಂದು ಸೀನೇ ಹೋಗಿಬಿಡುತ್ತಿತ್ತು. ಗಂಡನೊಂದಿಗೆ ಮಾತು ಮೊದಲಿನಂತಾಗಲು ಮಾತ್ರ ಹೊಲಿಗೆ ಕೂಡಿದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ದನಿ ತಿಳಿಯಾಯಿತು. ಅವಳು ವಾರ್ತೆ ಓದಲು ಮರಳಿದಳು. ಮಹಡಿಗಳ ನಡುವೆ ಕಾಯಿಲೆಯವರ ಓಡಾಟ ಶುರುವಾಯಿತು. ಒಂದೇ ಕಡೆ ಕೆನ್ನೆ ಭಾರ ಎಂದು ಬಂದವರನ್ನು ಮೂಗಿನ ಡಾಕ್ಟರು ಕೆಳಗೆ ಕಳಿಸುವನು. ಮೇಲಿನ ಹಲ್ಲು ಎಲ್ಲ ನೋಯುತ್ತಿವೆ, ಯಾವುದೂ ಕೆಟ್ಟಿಲ್ಲ ಎಂಬಂಥವರನ್ನು ಇವನು ಎಕ್ಸ್-ರೇ ತೆಗೆದು ನೋಡಿ ಮೇಲೆ ಕಳಿಸುವನು. ಮೇಲೆ ಹೋಗಿ ಬಂದವರು "ಬಹಳ ಒಳ್ಳೆ ಡಾಕ್ಟ್ರು" ಎಂದು ಹೊಗಳಿದರೆ ಈಗಲೂ ಅವನಿಗೆ ಎಲ್ಲೋ ಚುರುಕ್ಕೆನ್ನುತ್ತಿತ್ತು. ಆದರೆ ಕಳಿಸುವುದನ್ನು ನಿಲ್ಲಿಸಲಿಲ್ಲ.

ಉಳಿದದ್ದು ಹಲ್ಲು ಹೋದ ಜಾಗ. ಮೂಳೆ ತುಂಬಿಕೊಂಡ ಮೇಲೆ ಅಲ್ಲಿ ಹೊಸ ಹಲ್ಲು ಕೂರಿಸಬೇಕು. ದಂತವೈದ್ಯ ಅದಕ್ಕಾಗಿ ಹೊಸ ಸಲಕರಣೆಗಳನ್ನೇ ತರಿಸಿಟ್ಟಿದ್ದ. ಒಂದು ದಿನ ಹೆಂಡತಿ ಸಮಾಧಾನವಾಗಿಯೇ ಹೇಳಿದಳು. "ಆ ಹಲ್ಲು ನಾನು ಬೇರೆ ಕಡೆ ಹಾಕಿಸ್ಕೋತೀನಿ. ಮಾರ್ಕೆಟ್ ಹಿಂದಿನ ರಸ್ತೆಯಲ್ಲಿ ಒಬ್ಬ ಡಾಕ್ಟರಮ್ಮ ಇದಾರಂತೆ."

"ಇನ್ನೂ ಕೋಪ ಹೋಗಿಲ್ವಾ?"

"ಕೋಪ ಹೋಗಿದೆ. ಆ ಒಂದು ಹಲ್ಲಿಗೆ ಮಾತ್ರ ನಂಗೆ ಗಂಡ ಬೇಕು, ಡಾಕ್ಟರ್ ಬೇಡ."

ಅವನೇ ಕಾರಿನಲ್ಲಿ ಕರೆದುಕೊಂಡು ಹೋದ. ಇನ್ನೊಬ್ಬರ ಹಲ್ಲಿನ ಆಸ್ಪತ್ರೆಯಲ್ಲಿ ಕಾಯುವವರ ಬೆಂಚಿನ ಮೇಲೆ ಕೂರುವುದು ಅವನಿಗೆ ಜೀವನದಲ್ಲೇ ಮೊದಲು. ಗೋಡೆಯ ಬಣ್ಣ ನೋಡಿದ, ನನ್ನದಕ್ಕಿಂತ ಚೆನ್ನಾಗಿದೆ ಎನಿಸಿತು. ಒಳಗೆ ಕೊರೆಯುವ ಸದ್ದು ಕೇಳಿಸಿತು. ಸದ್ದಿನಿಂದಲೇ ಅವನಿಗೆ ಗೊತ್ತಾಗುತ್ತಿತ್ತು: ಈಗ ಪಕ್ಕದ ಮೂಳೆಗೆ ಕಿಟಕಿ ತೆರೆಯುತ್ತಿದ್ದಾಳೆ, ಈಗ ಸದ್ದು ನಿಂತಿತು, ಈಗ ಕೋಣೆಯ ತೆಳು ಪೊರೆಯನ್ನು ಹರಿಯದಂತೆ ಮೇಲಕ್ಕೆತ್ತುತ್ತಿದ್ದಾಳೆ, ಈಗ ಹೊಸ ಹಲ್ಲಿಗೆ ಆಧಾರವಾಗಲೆಂದು ಮೂಳೆಯ ಪುಡಿ ತುಂಬುತ್ತಿದ್ದಾಳೆ. ಪಕ್ಕದಲ್ಲಿ ಕುಳಿತಿದ್ದ ಮುದುಕನೊಬ್ಬ, "ಹೆದರಬೇಡಿ, ಇವರ ಕೈ ಬಹಳ ಹಗುರ" ಎಂದು ಸಮಾಧಾನ ಹೇಳಿದ. ದಂತವೈದ್ಯ ಮುದುಕನನ್ನು ಸುಟ್ಟುಬಿಡುವಂತೆ ನೋಡಿದ.

ಹೆಂಡತಿ ಹೊರಗೆ ಬಂದಳು. ಬಲಗೆನ್ನೆ ಮರಗಟ್ಟಿ ಬಾಯಿ ಒಂದು ಕಡೆಗೆ ವಾಲಿತ್ತು. ಅವನು ಎದ್ದು ಅವಳ ಚೀಲ ತೆಗೆದುಕೊಂಡ. ಮೆಟ್ಟಿಲು ಇಳಿಯುವವರೆಗೆ ತಡೆದುಕೊಂಡ. ರಸ್ತೆಗೆ ಬಂದ ಮೇಲೆ ಆಗಲಿಲ್ಲ.

"ಹೇಗಿದೆ ಅವಳ ಕೈ? ನಂದಕ್ಕಿಂತ ಹಗುರಾನಾ?"

ಅವಳು ಏನೋ ಹೇಳಿದಳು. ಮರಗಟ್ಟಿದ ತುಟಿಯಿಂದ ಮಾತು ಮುದ್ದೆಯಾಗಿ ಬಂತು, ಅವನಿಗೆ ತಿಳಿಯಲಿಲ್ಲ. "ಏನಂದೆ?" ಎಂದು ಕೇಳಿದ. ಅವಳು ಮತ್ತೆ ಹೇಳಿದಳು. ಆಗಲೂ ತಿಳಿಯಲಿಲ್ಲ. ಅವನ ಮುಖ ನೋಡಿ ಅವಳಿಗೆ ನಗು ತಡೆಯದಾಯಿತು. ಅರ್ಧ ಬಾಯಿಯಲ್ಲಿ ನಗುತ್ತ, ಅವನ ತೋಳು ಹಿಡಿದುಕೊಂಡು ಕಾರಿನ ಕಡೆ ನಡೆದಳು. ಅವನು ದಾರಿಯುದ್ದಕ್ಕೂ, "ಸರಿಯಾಗಿ ಹೇಳೇ, ಏನಂದೆ?" ಎಂದು ಕೇಳುತ್ತಲೇ ಇದ್ದ.